ಫೌಂಡೇಶನ್ ದುಡ್ಡು ಹಳ್ಳಿಗೆ ಹೇಗೆ ಬರುತ್ತೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ

"ಸಾರ್, ಯಾವುದೋ ಫೌಂಡೇಶನ್‌ನವರು ದುಡ್ಡು ಕೊಡ್ತಾರಂತೆ. ಅರ್ಜಿ ಫಾರಂ ಎಲ್ಲಿ ಸಿಗುತ್ತೆ?"

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದಾಗ ಮುಳಬಾಗಿಲು ಕಡೆಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಎರಡು ವರ್ಷದಿಂದ ತನ್ನೂರಿನ ದೇವಸ್ಥಾನದ ಜಗಲಿ ಮೇಲೆ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತಿದ್ದಾನೆ. ಪಕ್ಕದ ಊರುಗಳಲ್ಲೂ ಶುರು ಮಾಡಬೇಕು ಅನ್ನೋ ಆಸೆ. ತಾಲ್ಲೂಕು ಆಫೀಸಿನಲ್ಲಿ ಪಹಣಿಗೆ ಅರ್ಜಿ ಹಾಕಿದ ಹಾಗೆ ಇಲ್ಲೂ ಒಂದು ಫಾರಂ ಇರುತ್ತೆ, ತುಂಬಿ ಕೊಟ್ಟರೆ ದುಡ್ಡು ಬರುತ್ತೆ ಅಂದುಕೊಂಡಿದ್ದ. ತಪ್ಪೇನಿಲ್ಲ, ಬಹಳ ಜನ ಹಾಗೇ ಅಂದುಕೊಂಡಿದ್ದಾರೆ.

ನಾನು ಹತ್ತು ಹನ್ನೆರಡು ವರ್ಷದಿಂದ ಜಿಲ್ಲೆಯ ಸಣ್ಣಪುಟ್ಟ ಸಂಸ್ಥೆಗಳಿಗೆ ಲೆಕ್ಕ ಬರೆದುಕೊಡುವ, ಅರ್ಜಿ ತಿದ್ದಿಕೊಡುವ ಕೆಲಸ ಮಾಡುತ್ತಿದ್ದೇನೆ. ಅವನಿಗೆ ಟೀ ಅಂಗಡಿಯಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ದುಡ್ಡು ಬರುವ ಮೂಲ

ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಕ್ಕೆ ಯಾವಾಗಲಾದರೂ ಹೋಗಿದ್ದೀರಾ? ಯಾರೋ ತಮ್ಮ ತಂದೆ ತಾಯಿ ಹೆಸರಲ್ಲಿ ಒಂದು ಮೊತ್ತ ಇಟ್ಟಿರುತ್ತಾರೆ. ಆ ಇಡುಗಂಟನ್ನು ಯಾರೂ ಮುಟ್ಟುವುದಿಲ್ಲ. ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಂದು ಉಪನ್ಯಾಸ, ಒಂದು ಶಾಲು, ಬಂದವರಿಗೆ ಖಾರಾಬಾತು ಕಾಫಿ. ಫೌಂಡೇಶನ್ ಅಂದರೆ ಮೂಲದಲ್ಲಿ ಇಷ್ಟೇ. ಇಡುಗಂಟು ದೊಡ್ಡದು, ಉಪನ್ಯಾಸದ ಬದಲು ಸಂಜೆ ಪಾಠ, ಕೆರೆ ಹೂಳು, ಹೊಲಿಗೆ ತರಬೇತಿ.

ಒಂದು ಊರಿನ ಹಲವರ ದುಡ್ಡನ್ನು ಒಂದೇ ಕಡೆ ಇಟ್ಟು ಆ ಊರಿಗೇ ಖರ್ಚು ಮಾಡುವ ಪದ್ಧತಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1914ರಲ್ಲಿ ಶುರುವಾಯಿತು. ಫ್ರೆಡರಿಕ್ ಗಾಫ್ ಅನ್ನುವ ಬ್ಯಾಂಕ್ ಅಧ್ಯಕ್ಷರು ಅದನ್ನು ಕಟ್ಟಿದವರು. ಅವರಿಗೆ ಕಂಡ ತೊಂದರೆ ನಮಗೂ ಗೊತ್ತಿರುವಂಥದ್ದೇ. ಯಾರೋ ಉಯಿಲಿನಲ್ಲಿ "ಈ ಕೆಲಸಕ್ಕೆ ಮಾತ್ರ" ಅಂತ ಬರೆದಿಟ್ಟು ಹೋಗಿರುತ್ತಾರೆ. ಐವತ್ತು ವರ್ಷ ಆದಮೇಲೆ ಆ ಕೆಲಸವೇ ಇರುವುದಿಲ್ಲ, ದುಡ್ಡು ಮಾತ್ರ ಬ್ಯಾಂಕಲ್ಲಿ ಕೂತಿರುತ್ತೆ. ಅದಕ್ಕೇ ಗಾಫ್, ದುಡ್ಡನ್ನು ಬ್ಯಾಂಕ್ ನೋಡಿಕೊಳ್ಳಲಿ, ಯಾವುದಕ್ಕೆ ಕೊಡಬೇಕು ಅನ್ನುವುದನ್ನು ಆಯಾ ಕಾಲದ ಊರಿನ ಜನರ ಸಮಿತಿ ತೀರ್ಮಾನ ಮಾಡಲಿ ಅಂದರು.

ನಮ್ಮಲ್ಲಿ ಇಡುಗಂಟು ಎಷ್ಟಿದ್ದರೆ ಎಷ್ಟು ಕೊಡಬಹುದು? ಒಂದು ಫೌಂಡೇಶನ್ ಹತ್ತಿರ 5 ಕೋಟಿ ಇದೆ ಅಂದುಕೊಳ್ಳಿ. ಶೇ. 7ರ ಬಡ್ಡಿ ಅಂದರೆ ವರ್ಷಕ್ಕೆ 35 ಲಕ್ಷ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಆ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85 ಭಾಗ ಉದ್ದೇಶಿತ ಕೆಲಸಕ್ಕೆ ಖರ್ಚಾಗಬೇಕು. ಅಂದರೆ 29.75 ಲಕ್ಷ. ಉಳಿದ ಶೇ. 15 ಕೂಡಿಡಬಹುದು.

ಇಲ್ಲೊಂದು ತೊಡಕಿದೆ. 2023ರ ಬಜೆಟ್‌ನಲ್ಲಿ ಬಂದ ನಿಯಮದ ಪ್ರಕಾರ, ಒಂದು ಟ್ರಸ್ಟು (ಇಂಥ ಫೌಂಡೇಶನ್ ಅಂತಲೇ ಇಟ್ಟುಕೊಳ್ಳಿ) ಇನ್ನೊಂದು ನೋಂದಾಯಿತ ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ ಖರ್ಚಿನ ಲೆಕ್ಕಕ್ಕೆ ಹಿಡಿಯುವುದು 85 ರೂಪಾಯಿ ಮಾತ್ರ. ಬಂದ 100ನ್ನೂ ಅನುದಾನವಾಗಿ ಕೊಟ್ಟುಬಿಟ್ಟರೆ ಆಗ ಶೇ. 85ರ ಗೆರೆ ಮುಟ್ಟಿದ ಹಾಗೆ! ತಾನೇ ಶಾಲೆ ನಡೆಸುವ ಟ್ರಸ್ಟು 15 ರೂಪಾಯಿ ಉಳಿಸಿಕೊಳ್ಳಬಹುದು. ಬೇರೆಯವರ ಕೈಗೆ ಕೊಡುವ ಟ್ರಸ್ಟಿಗೆ ಆ ಅನುಕೂಲ ಹೆಚ್ಚುಕಮ್ಮಿ ಇಲ್ಲ. "ಕೊಡೋದು ಯಾಕೆ, ನಾವೇ ಜನ ಇಟ್ಟು ಮಾಡಿಸೋಣ" ಅಂತ ಕೆಲವು ಫೌಂಡೇಶನ್‌ಗಳಿಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ನಮ್ಮ 5 ಕೋಟಿಯ ಲೆಕ್ಕಕ್ಕೆ ಬನ್ನಿ. ಸ್ವಂತ ಖರ್ಚಿಗೆ 5 ಲಕ್ಷ ತೆಗೆದರೆ ಹಂಚಲು 30 ಲಕ್ಷ. ಆ ಹುಡುಗನ ಸಂಜೆ ಪಾಠದಂಥ ಯೋಜನೆಗೆ ವರ್ಷಕ್ಕೆ ಸುಮಾರು 7 ಲಕ್ಷ ಬೇಕು (ಹೇಗೆ ಅಂತ ಮುಂದೆ ಹೇಳುತ್ತೇನೆ). ನಾಲ್ಕು ಸಂಸ್ಥೆಗೆ ಕೊಡುವಷ್ಟರಲ್ಲಿ ಆ ವರ್ಷದ ದುಡ್ಡು ಖಾಲಿ. ಅರ್ಜಿಗಳು ಎಷ್ಟು ಬರುತ್ತವೋ ನೀವೇ ಊಹಿಸಿ. "ನಿಮ್ಮ ಅರ್ಜಿ ಆಯ್ಕೆಯಾಗಿಲ್ಲ" ಅನ್ನುವ ಎರಡು ಸಾಲಿನ ಮೇಲ್ ಬಂದಾಗ ಸಿಟ್ಟು ಮಾಡಿಕೊಳ್ಳುವ ಮೊದಲು ಈ ಲೆಕ್ಕ ನೆನಪಿರಲಿ.

ಎರಡನೇ ಮೂಲ ಕಂಪನಿಗಳದು. ಎಲ್ಲರೂ ಸಿಎಸ್‌ಆರ್ ಅಂತಾರಲ್ಲ, ಅದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಭಾಗವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಕೋಲಾರದಲ್ಲಿ ಫ್ಯಾಕ್ಟರಿಗಳು ಇರುವುದು ನರಸಾಪುರ, ವೇಮಗಲ್, ಮಾಲೂರು ಕಡೆ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳ ಸುತ್ತಮುತ್ತ ಯಾವ ಫ್ಯಾಕ್ಟರಿ ಇದೆ? ಹೈವೇ ಪಕ್ಕದ ಶಾಲೆಗೆ ಮತ್ತೆ ಬಣ್ಣ ಬಳಿಯುತ್ತಾರೆ, ಒಳಗಿನ ಶಾಲೆ ಸೋರುತ್ತಲೇ ಇರುತ್ತೆ. ಕಂಪನಿಯವರನ್ನು ಬೈದು ಪ್ರಯೋಜನ ಇಲ್ಲ. ಅವರ ನಕ್ಷೆ ಅವರ ಗೇಟಿನಿಂದ ಶುರುವಾಗುತ್ತೆ. ಇಡುಗಂಟಿನ ಫೌಂಡೇಶನ್‌ಗೆ ಅಂಥ ಗೇಟಿಲ್ಲ, ದೂರದ ಹಳ್ಳಿಯವರು ಮೊದಲು ಅತ್ತ ನೋಡಬೇಕು.

ಮೂರನೆಯದು ವಿದೇಶಿ ದುಡ್ಡು. ಮೊದಲು ದೊಡ್ಡ ಸಂಸ್ಥೆಯೊಂದು ಹೊರಗಿನಿಂದ ದುಡ್ಡು ತಂದು ತಾಲ್ಲೂಕಿನ ಸಣ್ಣವರಿಗೆ ಹಂಚುತ್ತಿತ್ತು. 2020ರಲ್ಲಿ ಎಫ್‌ಸಿಆರ್‌ಎಗೆ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ, ತಿದ್ದುಪಡಿ ಬಂದಮೇಲೆ ಹಾಗೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿಯೂ ಶೇ. 50ರಿಂದ 20ಕ್ಕೆ ಇಳಿಯಿತು. ಸಣ್ಣ ಸಂಸ್ಥೆಗಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು ಅಂತಲೇ ಇಟ್ಟುಕೊಳ್ಳಿ.

ಕಾಗದಪತ್ರ

ಈ ಭಾಗ ಬೇಗ ಮುಗಿಸುತ್ತೇನೆ, ಇದರಲ್ಲಿ ಸ್ವಾರಸ್ಯ ಇಲ್ಲ. ಅನುದಾನ ವ್ಯಕ್ತಿಗೆ ಸಿಗುವುದು ಅಪರೂಪ, ಸಂಸ್ಥೆಗೆ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟ್ರಸ್ಟ್ ಡೀಡ್ ಮಾಡಿಸಬಹುದು. ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಸೆಕ್ಷನ್ 8 ಕಂಪನಿಯೂ (ಲಾಭ ಹಂಚಿಕೊಳ್ಳದ ಕಂಪನಿ) ಆಗಬಹುದು. ಆಮೇಲೆ ಸಂಸ್ಥೆ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದುಡ್ಡು ಕೊಟ್ಟವರಿಗೆ ವಿನಾಯಿತಿ) ನೋಂದಣಿ, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆ. (ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆ. ಜನರ ಬಾಯಲ್ಲಿ ಮಾತ್ರ 12ಎ, 80ಜಿ ಹಾಗೇ ಉಳಿದಿವೆ.) ಕಂಪನಿ ದುಡ್ಡು ಬೇಕಾದರೆ ಸಿಎಸ್‌ಆರ್-1 ಅನ್ನುವ ಫಾರಂನಲ್ಲಿ ನೋಂದಣಿ ಮತ್ತು ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು.

ಮೂರು ವರ್ಷ ದುಡ್ಡಿಲ್ಲದೆ ಕೆಲಸ ಮಾಡು, ಆಮೇಲೆ ದುಡ್ಡು ಕೊಡುತ್ತೇವೆ ಅಂದ ಹಾಗಾಯಿತು. ಈಜು ಬಂದಮೇಲೇ ಬಾವಿಗೆ ಇಳಿ ಅನ್ನೋ ಥರ. ಇದಕ್ಕೆ ನಮ್ಮ ಕಡೆ ಒಂದು ದಾರಿ ಇದೆ. ತಾಲ್ಲೂಕಿನಲ್ಲಿ ಆಗಲೇ ನಡೆಯುತ್ತಿರುವ, ಆಡಿಟ್ ಸರಿಯಾಗಿರುವ ಸಂಸ್ಥೆಯೊಂದರ ಕೆಳಗೆ ಒಂದೆರಡು ವರ್ಷ ಕೆಲಸ ಮಾಡುವುದು. ದುಡ್ಡು ಅವರ ಖಾತೆಗೆ ಬರುತ್ತೆ, ಲೆಕ್ಕ ಅವರೇ ಕೊಡುತ್ತಾರೆ, ಪಾಠ ನೀವು ಮಾಡುತ್ತೀರಿ. ಸುಮ್ನೆ ಬಾಯಿಮಾತಲ್ಲಿ ಬಿಡಬೇಡಿ. ಯಾರ ಜವಾಬ್ದಾರಿ ಎಷ್ಟು ಅಂತ ಒಂದು ಹಾಳೆಯಲ್ಲಾದರೂ ಬರೆದು ಸಹಿ ಹಾಕಿಸಿಕೊಳ್ಳಿ.

ಬಜೆಟ್ ಹಾಳೆ

ಫೌಂಡೇಶನ್‌ನವರು ಮೊದಲು ಎರಡು ಪುಟದ ಟಿಪ್ಪಣಿ ಕೇಳುತ್ತಾರೆ. ತೊಂದರೆ ಏನು, ನೀವೇನು ಮಾಡುತ್ತೀರಿ, ಎಷ್ಟು ಜನಕ್ಕೆ, ಎಷ್ಟು ದುಡ್ಡು. ಇಷ್ಟವಾದರೆ ಪೂರ್ತಿ ಪ್ರಸ್ತಾವನೆ. ಆಮೇಲೆ ದಾಖಲೆ ಪರಿಶೀಲನೆ, ಊರಿಗೆ ಭೇಟಿ, ಅವರ ಆಡಳಿತ ಮಂಡಳಿಯ ಸಭೆ. ಇಷ್ಟಕ್ಕೂ ಮೂರರಿಂದ ಆರು ತಿಂಗಳು ಹಿಡಿಯುವುದು ಮಾಮೂಲು. ಪ್ರಸ್ತಾವನೆಯಲ್ಲಿ ದೊಡ್ಡ ದೊಡ್ಡ ಮಾತು ಬರೆಯುವವರು ಜಾಸ್ತಿ. ಓದುವವರು ನೇರವಾಗಿ ತಿರುಗಿಸುವುದು ಬಜೆಟ್ ಹಾಳೆಗೆ.

ಆ ಹುಡುಗನಿಗೆ ಒಂದು ಬಜೆಟ್ ಹಾಕಿಕೊಟ್ಟೆ. ಆರು ಊರು, ಊರಿಗೊಂದು ಕೇಂದ್ರ, ಕೇಂದ್ರಕ್ಕೆ 25 ಮಕ್ಕಳು. ಅದೇ ಊರಿನ ಪಿಯುಸಿ, ಡಿಗ್ರಿ ಓದಿದ ಆರು ಜನ ಪಾಠ ಮಾಡುವವರು, ಸಂಜೆ ಎರಡು ಗಂಟೆ ಕೆಲಸಕ್ಕೆ ತಿಂಗಳಿಗೆ 5,000. ವರ್ಷಕ್ಕೆ 3,60,000. ಎಲ್ಲಾ ಕೇಂದ್ರ ಸುತ್ತಿ ನೋಡಿಕೊಳ್ಳುವ ಒಬ್ಬ ಕೋಆರ್ಡಿನೇಟರ್‌ಗೆ ತಿಂಗಳಿಗೆ 15,000, ಅಂದರೆ 1,80,000. ಅವನ ಗಾಡಿಯ ಪೆಟ್ರೋಲಿಗೆ 30,000. ಪುಸ್ತಕ, ಸ್ಲೇಟು, ಚಾರ್ಟಿಗೆ ಕೇಂದ್ರಕ್ಕೆ 8,000ದಂತೆ 48,000. ಪಾಠ ಮಾಡುವವರ ತರಬೇತಿಗೆ 24,000. ಇಲ್ಲಿಗೆ 6,42,000.

ಇನ್ನು ಲೆಕ್ಕ ಬರೆಯುವವರು. ವಾರಕ್ಕೆರಡು ದಿನ ಬಂದು ಹೋಗುವ ಅಕೌಂಟೆಂಟ್‌ಗೆ ತಿಂಗಳಿಗೆ 4,000, ವರ್ಷಕ್ಕೆ 48,000. ಆಡಿಟರ್ ಫೀಸು 15,000. ಕರೆಂಟು, ಇಂಟರ್‌ನೆಟ್ 12,000. ಒಟ್ಟು 75,000. ಎಲ್ಲಾ ಸೇರಿ 7,17,000. 150 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ವರ್ಷಕ್ಕೆ 4,780. ತಿಂಗಳಿಗೆ 400 ರೂಪಾಯಿಯೂ ಇಲ್ಲ.

ಈಗ ಚೌಕಾಸಿ ನೋಡಿ. ಪುಸ್ತಕದ ಸಾಲಿಗೆ ಯಾರೂ ಚಕಾರ ಎತ್ತುವುದಿಲ್ಲ. "ಇನ್ನೂ ಸ್ವಲ್ಪ ಹಾಕಿ, ಬ್ಯಾಗೂ ಕೊಡೋಣ" ಅಂತಾರೆ. ಪೆನ್ಸಿಲ್ ನಿಲ್ಲುವುದು ಆ 75,000ದ ಮೇಲೆ. "ಇದು ಆಡಳಿತ ಖರ್ಚು, ನಮ್ಮ ನೀತಿಯಲ್ಲಿ ಬರಲ್ಲ." ಒಟ್ಟು ಬಜೆಟ್ಟಿನಲ್ಲಿ ಅದು ಶೇ. 10ಕ್ಕಿಂತ ಚೂರು ಜಾಸ್ತಿ. ಆದರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಿ, ಆಡಿಟ್ ವರದಿ ಕೊಡಿ ಅಂತ ಕೇಳುವವರೂ ಅವರೇ. ಆ ಲೆಕ್ಕ ಬರೆಯುವವನಿಗೆ ಸಂಬಳ ಯಾರು ಕೊಡಬೇಕು? ನನ್ನ ಹೊಟ್ಟೆಪಾಡಿನ ಮಾತು ಅಂತ ನೀವು ನಕ್ಕರೂ ಪರವಾಗಿಲ್ಲ, ಸಣ್ಣ ಸಂಸ್ಥೆಗಳು ಮುಗ್ಗರಿಸುವುದು ಬಹಳ ಸಲ ಇಲ್ಲೇ. ಕೆಲವರು ಕೋಆರ್ಡಿನೇಟರ್ ಸಂಬಳದಲ್ಲಿ ಅಕೌಂಟೆಂಟ್ ಸಂಬಳ ಅಡಗಿಸುತ್ತಾರೆ. ಕೆಲವರು ತರಬೇತಿ ಖರ್ಚಿನ ಬಿಲ್ ಉಬ್ಬಿಸುತ್ತಾರೆ. ಒಳ್ಳೆಯ ಕೆಲಸಕ್ಕೆ ಹೇಳುವ ಸುಳ್ಳು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಸಂಸ್ಥೆಯ ಹೆಸರೇ ಹೋಗುತ್ತದೆ. ನನ್ನ ಸಲಹೆ: ಆ ಸಾಲನ್ನು ಅಡಗಿಸಬೇಡಿ. ಯಾಕೆ ಬೇಕು ಅಂತ ಪಕ್ಕದಲ್ಲೇ ಎರಡು ವಾಕ್ಯ ಬರೆಯಿರಿ. ಒಪ್ಪುವ ಫೌಂಡೇಶನ್‌ಗಳೂ ಇವೆ.

ಇದರಲ್ಲಿ ನಮ್ಮ ಹಿರಿಯರು ನಮಗಿಂತ ಜಾಣರಾಗಿದ್ದರು. ಕೋಲಾರ ಕೆರೆಗಳ ಸೀಮೆ. ಈ ಭಾಗದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನುವ ಮಾತು ಬರುತ್ತವೆ. ಕೆರೆ ಕಟ್ಟಿದವರಿಗೆ, ಆಮೇಲೆ ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ, ಫಸಲಿನ ಪಾಲು. ನೀರು ಹಂಚುವ ನೀರುಗಂಟಿಗೂ ಸುಗ್ಗಿಯಲ್ಲಿ ಕಾಳಿನ ಪಾಲಿತ್ತು. ತೂಬು ಎತ್ತುವವನಿಗೆ ಊಟ ಇಲ್ಲದಿದ್ದರೆ ಕೆರೆ ಎಷ್ಟು ದೊಡ್ಡದಿದ್ದರೇನು ಅಂತ ಅವರಿಗೆ ಗೊತ್ತಿತ್ತು. ಈಗ ಕೆರೆಗೆ ದುಡ್ಡು ಸಿಗುತ್ತೆ. ಹೆಸರು ಬರೆಸಬಹುದಾದ ಬೆಂಚು, ನೀರಿನ ಘಟಕ, ಕಂಪ್ಯೂಟರ್, ಎಲ್ಲಕ್ಕೂ ಸಿಗುತ್ತೆ. ನೀರುಗಂಟಿಗೆ ಸಿಗುವುದಿಲ್ಲ.

ಕಂತು, ರಸೀದಿ ಮತ್ತು ವರ್ಷತೊಡಕು

ಮಂಜೂರಾದ ಮೇಲೆ ಒಪ್ಪಂದ ಪತ್ರ ಆಗುತ್ತದೆ. ದುಡ್ಡು ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಬಹುಪಾಲು ಖರ್ಚಾಗಿ, ಬಳಕೆ ಪ್ರಮಾಣಪತ್ರ ಕೊಟ್ಟಮೇಲೆ ಎರಡನೆಯದು. ಈ ಪತ್ರವನ್ನು ಎಲ್ಲರೂ ಯುಸಿ ಅಂತಾರೆ. ಗಣೇಶನ ಚಂದಾ ಎತ್ತಿದವರನ್ನು ಆಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ. ಇಲ್ಲಿ ಪುಸ್ತಕಕ್ಕೆ ಅಂತ ಬಂದ ದುಡ್ಡನ್ನು ಪೆಟ್ರೋಲಿಗೆ ಹಾಕಬೇಕಾದರೂ ಮೊದಲು ಕೇಳಬೇಕು. ಮೇಲ್ ಹಾಕಿ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳದೆ ಮಾಡಿದರೆ ಒಪ್ಪುವುದಿಲ್ಲ.

ಪ್ರತಿ ಖರ್ಚಿಗೂ ವೋಚರ್ ಇರಲಿ. ಆಟೋದವರು ಬಿಲ್ ಕೊಡುವುದಿಲ್ಲ. ಎಲ್ಲಿಂದ ಎಲ್ಲಿಗೆ, ಯಾಕೆ ಅಂತ ಬರೆದು ಹೋದವರ ಸಹಿ ಹಾಕಿಸಿ. 5,000 ದಾಟಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಅದು ಖರ್ಚು ಅಂತಲೇ ಆಗುವುದಿಲ್ಲ, ಬ್ಯಾಂಕ್ ಮೂಲಕವೇ ಕೊಡಿ.

ಭೇಟಿ ಹೇಗಿರುತ್ತೆ ಅಂತ ಹೇಳಬೇಕು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಂಜೆ ಕೇಂದ್ರಕ್ಕೆ ಫೌಂಡೇಶನ್‌ನ ಮೇಡಂ ಒಬ್ಬರು ಬಂದಿದ್ದರು. ಚಿಂತಾಮಣಿ ಕಡೆಯವರು, ಬೆಂಗಳೂರಲ್ಲಿ ಕೆಲಸ. ನಾನೂ ಲೆಕ್ಕದ ಫೈಲು ಹಿಡಿದು ಹೋಗಿದ್ದೆ. ಅವರು ಫೈಲು ಪಕ್ಕಕ್ಕಿಟ್ಟು ಹಾಜರಿ ಪುಸ್ತಕ ಕೇಳಿದರು. ಎಲ್ಲಾ ದಿನವೂ 25ಕ್ಕೆ 25. ಒಂದೇ ಪೆನ್ನು, ಒಂದೇ ಥರದ ಟಿಕ್ಕು. ಅವರ ಬೆರಳು ಯುಗಾದಿಯ ಮಾರನೇ ದಿನದ ಮೇಲೆ ನಿಂತಿತು.

"ಏನಮ್ಮಾ, ವರ್ಷತೊಡಕಿನ ದಿನಾನೂ ಎಲ್ಲಾ ಮಕ್ಕಳೂ ಬಂದಿದ್ವಾ?"

ಪಾಠ ಮಾಡುವ ಹುಡುಗಿಯ ಮುಖ ಕೆಂಪಾಯಿತು. "ಇಲ್ಲ ಮೇಡಂ. ಅವತ್ತು ನಾನೇ ಬಂದಿರಲಿಲ್ಲ. ತಿಂಗಳ ಕೊನೇಲಿ ಒಟ್ಟಿಗೆ ತುಂಬಿಬಿಟ್ಟೆ."

ವರ್ಷತೊಡಕಿನ ದಿನ ನಮ್ಮ ಕಡೆ ಮನೆಮನೆಯಲ್ಲೂ ಮಾಂಸದ ಸಾರು ಕುದಿಯುತ್ತಿರುತ್ತೆ, ಯಾವ ಮಗು ಪಾಠಕ್ಕೆ ಬರುತ್ತೆ ಹೇಳಿ. ಬೇರೆ ಊರಿನವರಾಗಿದ್ದರೆ ಅದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಮ್ಮೂರ ಕಡೆಯವರೇ ಭೇಟಿಗೆ ಬಂದರೆ ಆಗುವ ಲಾಭ (ಮತ್ತು ಫಜೀತಿ) ಇದು.

ಮೇಡಂ ಬೈಯಲಿಲ್ಲ. ಮಕ್ಕಳ ನೋಟ್‌ಬುಕ್ ತರಿಸಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಅಲ್ಲಿ ತಾರೀಖಿತ್ತು, ಭಾಗಾಕಾರದ ತಪ್ಪಿಗೆ ಕೆಂಪು ಇಂಕಿನ ಸುತ್ತಿತ್ತು, ಕೆಳಗೆ ಮತ್ತೆ ಮಾಡಿಸಿದ ಲೆಕ್ಕ ಇತ್ತು. ಪಾಠ ನಡೆದಿದೆ ಅಂತ ಗೊತ್ತಾಯಿತು. ಆದರೂ ಎರಡನೇ ಕಂತು ಒಂದೂವರೆ ತಿಂಗಳು ನಿಂತಿತು. ದಿನಾ ಹಾಜರಿ ಬರೆಯಬೇಕು, ಬರದಿದ್ದರೆ ಯಾಕೆ ಅಂತಲೂ ಬರೆಯಬೇಕು ಅನ್ನುವ ಷರತ್ತಿನ ಮೇಲೆ ಆಮೇಲೆ ಬಂತು. ಅಲ್ಲಿಂದ ಮುಂದಿನ ವರದಿಗಳಲ್ಲಿ ಸರಾಸರಿ 18 ಅಂತ ಬರತೊಡಗಿತು. ಮಾವಿನ ಸುಗ್ಗಿಯಲ್ಲಿ 11ಕ್ಕೆ ಇಳಿಯಿತು. ದೊಡ್ಡ ಮಕ್ಕಳು ಅಪ್ಪ ಅಮ್ಮನ ಜೊತೆ ತೋಟಕ್ಕೆ, ಮಂಡಿಗೆ ಹೋಗುತ್ತಿದ್ದರು. ಅದನ್ನು ನೋಡಿ ಫೌಂಡೇಶನ್‌ನವರೇ ಆ ತಿಂಗಳು ಪಾಠದ ಹೊತ್ತು ಬದಲಾಯಿಸಲು ಹೇಳಿದರು. 25ಕ್ಕೆ 25 ಅಂತ ಬರೆದಿದ್ದ ಕಾಲದಲ್ಲಿ ಈ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ.

ಇನ್ನೊಂದು ತಲೆನೋವು ತಾರೀಖಿನದು. ಹಣಕಾಸು ವರ್ಷ ಏಪ್ರಿಲ್‌ನಿಂದ, ಶಾಲೆ ಬೇಸಿಗೆ ರಜೆ ಮುಗಿದ ಮೇಲೆ. ಮಂಜೂರಾತಿ ಎಳೆದೂ ಎಳೆದೂ ಮೊದಲ ಕಂತು ಸೆಪ್ಟೆಂಬರ್‌ಗೆ ಬಂದರೆ ಮಾರ್ಚ್ ಒಳಗೆ ಮುಗಿಸಿ ಅಂತ ಒತ್ತಡ. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಅವಸರದಲ್ಲಿ ಆಗುವ ಕೆಲಸ ಅಂದರೆ ಸಾಮಾನು ಕೊಳ್ಳುವುದೊಂದೇ. ಫೆಬ್ರವರಿ, ಮಾರ್ಚ್‌ನಲ್ಲಿ ಶಾಲೆಗಳಿಗೆ ಇದ್ದಕ್ಕಿದ್ದ ಹಾಗೆ ಕುರ್ಚಿ, ಬೀರು, ಬ್ಯಾಗು ಬಂದು ಬೀಳುವುದರ ಹಿಂದಿನ ಗುಟ್ಟು ಬಹುಮಟ್ಟಿಗೆ ಇದೇ. ಒಪ್ಪಂದಕ್ಕೆ ಸಹಿ ಹಾಕುವಾಗಲೇ "ಉಳಿದ ದುಡ್ಡನ್ನು ಮುಂದಿನ ವರ್ಷಕ್ಕೆ ಒಯ್ಯಬಹುದಾ?" ಅಂತ ಕೇಳಿಟ್ಟುಕೊಳ್ಳಿ.

ಮೂರು ವರ್ಷ ಆದಮೇಲೆ

ಅನುದಾನ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಕ್ಕೆ ಇರುತ್ತದೆ. ಆಮೇಲೆ ಏನು ಅನ್ನುವ ಪ್ರಶ್ನೆ ಪ್ರಸ್ತಾವನೆಯಲ್ಲೇ ಇರುತ್ತೆ. ಹೆಚ್ಚಿನವರು "ಸಮುದಾಯವೇ ಮುಂದುವರಿಸಲಿದೆ" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಬರೆಯುವವರಿಗೂ ಓದುವವರಿಗೂ ಅದು ಗಾಳಿಮಾತು ಅಂತ ಗೊತ್ತು.

ನಿಮಗೆ ಇಡುಗಂಟು ಕಟ್ಟಿಕೊಳ್ಳಲು ಫೌಂಡೇಶನ್ ದುಡ್ಡು ಕೊಡುವುದಿಲ್ಲ. ಒಂದು ಟ್ರಸ್ಟು ಇನ್ನೊಂದರ ಇಡುಗಂಟಿಗೆ ಕೊಟ್ಟ ದುಡ್ಡನ್ನು 2017ರಿಂದ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ಹಿಡಿಯುವುದಿಲ್ಲ. ಹಾಗಾಗಿ ಉಳಿಯುವುದು ಸಣ್ಣ ಸಣ್ಣ ದಾರಿಗಳು. ಊರಿನಿಂದ ಬೆಂಗಳೂರಿಗೆ ಹೋಗಿ ಕೆಲಸ ಹಿಡಿದವರಿಂದ ತಿಂಗಳಿಗಿಷ್ಟು ಅಂತ ಸಂಗ್ರಹ. 80ಜಿ ರಸೀದಿ ಕೊಡುವ ಹಾಗಿದ್ದರೆ ಕೇಳುವುದು ಸುಲಭ, ಆದರೆ 2,000 ದಾಟಿದ ನಗದಿಗೆ ವಿನಾಯಿತಿ ಸಿಗಲ್ಲ ಅಂತ ಮೊದಲೇ ಹೇಳಿಬಿಡಿ. ಇನ್ನೊಂದು ದಾರಿ, ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಾಗಿದ್ದ ಅರಿವು ಕೇಂದ್ರಗಳಲ್ಲಿ ಸಂಜೆ ಹೊತ್ತು ಜಾಗ ಕೇಳುವುದು. ಕೊಠಡಿ, ಕರೆಂಟು, ಒಂದಿಷ್ಟು ಪುಸ್ತಕ ಅಲ್ಲೇ ಇರುತ್ತೆ. ಉಳಿಯುವುದು ಪಾಠ ಮಾಡುವವರ ಗೌರವಧನ ಒಂದೇ.

ಟೀ ಅಂಗಡಿಯ ಹುಡುಗ ಇದನ್ನೆಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬ್ಯಾಗಿನಿಂದ ಕಿವಿ ಮಡಚಿದ ಒಂದು ನೋಟ್‌ಬುಕ್ ತೆಗೆದ. ಎರಡು ವರ್ಷದಿಂದ ಯಾವ ದಿನ ಯಾರು ಬಂದರು, ಯಾರು ಬರಲಿಲ್ಲ, ಮಳೆ ಬಂದು ಜಗಲಿ ನೆನೆದ ದಿನ ಯಾವುದು, ಎಲ್ಲಾ ಬರೆದಿಟ್ಟಿದ್ದ. "ಇದು ಬೇಕಾಗುತ್ತಾ ಸಾರ್?" ಅಂದ. ಯುಗಾದಿ ಮಾರನೇ ದಿನದ ಪುಟ ತಿರುಗಿಸಿದೆ. "ಪಾಠ ಇಲ್ಲ" ಅಂತ ಬರೆದಿತ್ತು. ಇನ್ನೊಂದು ಟೀ ಹೇಳಿದೆ.